ನಮ್ಮ ಭಾವನ ಎದೆನೋವು

ನಮ್ಮ ಭಾವನಿಗೆ ಎದೆನೋವು ಬರುವುದಕ್ಕೊಂದು ಹೊತ್ತುಗೊತ್ತು ಇತ್ತು. ಭಾರ ಎತ್ತುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಬೇರೆಯವರು ಎತ್ತಿ ಮುಗಿಸಿದ ಎರಡು ಮೂರು ನಿಮಿಷದಲ್ಲಿ ಹೋಗುತ್ತಿತ್ತು. ಉಣ್ಣುವಾಗ ಬರುತ್ತಿರಲಿಲ್ಲ, ಮಲಗಿದ್ದಾಗ ಬರುತ್ತಿರಲಿಲ್ಲ, ಟಿವಿ ಮುಂದೆ ಕೂತಾಗಂತೂ ಅದರ ಸುಳಿವೇ ಇರುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಅಂದರೆ ಬಂತು. ತುಂಬಿದ ಬಕೆಟ್ ಅಂದರೆ ಬಂತು. ಮೆಟ್ಟಿಲ ಬುಡದಲ್ಲಿ ಒಂದು ಮೂಟೆ ಇಟ್ಟು "ಸ್ವಲ್ಪ ಕೈ ಹಾಕ್ರೀ" ಅಂದರೆ ಸಾಕು, ಎದೆ ನೀವಿಕೊಳ್ಳುತ್ತಾ ಅಲ್ಲೇ ಕೂತುಬಿಡುವ ಆಸಾಮಿ.

ನಾವು ಇದಕ್ಕೆ 'ಎಂಟ್ರಿ' ಎಂದು ಹೆಸರಿಟ್ಟಿದ್ದೆವು. "ನಿಮ್ಮ ಭಾವನ ಎಂಟ್ರಿ ಆಯ್ತು ಕಣೇ" ಎಂದು ಅಕ್ಕ ಫೋನಿನಲ್ಲಿ ಹೇಳಿದಳೆಂದರೆ ಸಿಲಿಂಡರನ್ನು ಅವಳೇ ಒಳಗೆ ಎಳೆದುಕೊಂಡಳು ಎಂದು ಅರ್ಥ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಎತ್ತದ ವಸ್ತು ಇಲ್ಲ. ಅವಳ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿದೆ, ಬೇಕಾದರೆ ಅಳೆದು ನೋಡಿ. ಎದುರಿಗೆ "ಬನ್ನಿ ಭಾವ, ಕೂತ್ಕೊಳ್ಳಿ ಭಾವ" ಅನ್ನುತ್ತಿದ್ದ ನಾನು ಬೆನ್ನ ಹಿಂದೆ 'ಅವನು' ಎಂದೇ ಅನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ, ಈಗ ಬಂದು ಮರ್ಯಾದೆ ತೋರಿಸಿದರೆ ನನಗೇ ನಗು ಬರುತ್ತದೆ.

ಪರೀಕ್ಷೆ ಮಾಡಿಸಿರಲಿಲ್ಲ ಅಂತಲ್ಲ. ನಾಲ್ಕು ಸಲ ಇಸಿಜಿ, ಎರಡು ಸಲ ಟ್ರೆಡ್‌ಮಿಲ್, ಒಂದು ಸಲ ಎಕೋ. ಎಲ್ಲವೂ ನಾರ್ಮಲ್. ಪ್ರತಿ ಸಲವೂ ಭಾವ ರಿಪೋರ್ಟನ್ನು ಪೆಚ್ಚುಮೋರೆ ಹಾಕಿಕೊಂಡು ಮಡಚಿಡುತ್ತಿದ್ದ. ಏನೂ ಇಲ್ಲ ಎಂದು ಕೇಳಿ ಬೇಸರಪಡುವ ಮನುಷ್ಯನನ್ನು ಏನೆಂದು ಕರೆಯಬೇಕು? ನಮಗೆ ಒಂದೇ ಪದ ಗೊತ್ತಿತ್ತು: ನಾಟಕ.

ನನ್ನ ಕೆಲಸವೇ ಎದೆಗಳದ್ದು. ಹತ್ತೊಂಬತ್ತು ವರ್ಷದಿಂದ ಕ್ಯಾತ್ ಲ್ಯಾಬಿನಲ್ಲಿ ಟೆಕ್ನಿಶಿಯನ್. ರೋಗಿಯ ಮಣಿಕಟ್ಟಿನಿಂದ ಒಂದು ಸಣ್ಣ ಟ್ಯೂಬನ್ನು ಹೃದಯದ ಬುಡದವರೆಗೆ ತಳ್ಳಿ, ಅಲ್ಲಿಂದ ಹೊರಡುವ ಎಡದ ಮತ್ತು ಬಲದ ರಕ್ತನಾಳಗಳ ಬಾಯಿಗೆ ಅದನ್ನು ಸಿಕ್ಕಿಸಿ, ಡೈ ಬಿಟ್ಟು, ಎಕ್ಸ್‌ರೇಯಲ್ಲಿ ಸಿನಿಮಾ ತೆಗೆಯುವ ಕೋಣೆ ಅದು. ಟ್ಯೂಬು ತಳ್ಳುವುದು ಡಾಕ್ಟರು. ಗಾಜಿನ ಈಚೆ ಕೂತು ಯಂತ್ರ ನಡೆಸುವುದು, ಹೊತ್ತು ಬರೆಯುವುದು, ಫಿಲ್ಮು ಕಾಪಾಡುವುದು ನಾನು. ನನ್ನ ಮಾತು ಮೈಕಿನಲ್ಲಿ ಹೋಗಿ ಒಳಗಿನ ಸ್ಪೀಕರಿನಲ್ಲಿ ಕೇಳಿಸುತ್ತದೆ.

ನಮ್ಮ ಡಾಕ್ಟರಿಗೆ ಆಸ್ಪತ್ರೆಯೆಲ್ಲ ಇಟ್ಟ ಹೆಸರು 'ಏಳು ನಿಮಿಷ'. ಏಳು ನಿಮಿಷದೊಳಗೆ ಆಂಜಿಯೋಗ್ರಾಮ್ ಮುಗಿಸುತ್ತೇನೆ ಎಂಬುದು ಅವರ ಜಂಬ. ಕೈ ತೊಳೆದು, ತಲೆ ಬಾಚಿ, ಕನ್ನಡಿ ನೋಡಿಕೊಳ್ಳುವುದಕ್ಕೆ ಹನ್ನೆರಡು ನಿಮಿಷ ತೆಗೆದುಕೊಳ್ಳುವ ಈ ಮಹಾಶಯರು ಒಬ್ಬರ ಹೃದಯಕ್ಕೆ ಏಳೇ ನಿಮಿಷ ಕೊಡುತ್ತಿದ್ದರು. ಗೋಡೆಯ ಮೇಲೊಂದು ಬಿಳಿ ಬೋರ್ಡು. ಅದರಲ್ಲಿ ಆ ವಾರದ ಹೊತ್ತುಗಳು ಸಾಲಾಗಿ: ಆರು ಐವತ್ತು, ಆರು ನಲವತ್ತು, ಆರು ಮೂವತ್ತೈದು. ಏಳು ದಾಟಿದರೆ ಅವರ ಮುಖ ಸುಟ್ಟ ಬದನೆಕಾಯಿಯಂತಾಗುತ್ತಿತ್ತು. ಅದನ್ನೆಲ್ಲ ಬರೆಯುತ್ತಿದ್ದವಳು ನಾನೇ. ನನಗೂ ಅದರಲ್ಲಿ ಹೆಮ್ಮೆ ಇತ್ತು ಎಂದು ಈಗ ಒಪ್ಪಿಕೊಳ್ಳುವುದು ಕಷ್ಟ, ಆದರೆ ಇತ್ತು.

ಹೀಗಿರುವಾಗ ಒಂದು ಸೋಮವಾರ ಭಾವ ಬಸ್ಸಿನ ಹಿಂದೆ ಓಡಿ, ನಿಲ್ದಾಣದ ಕಂಬ ಹಿಡಿದು ಕುಸಿದು, ಅರ್ಧ ನಿಮಿಷ ಜ್ಞಾನ ತಪ್ಪಿ ಬಿದ್ದ. ಅವನದು ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ. ದಿನವಿಡೀ ಗಿರಾಕಿಗಳನ್ನು ಮಲಗಿಸಿ "ಹೇಗಿದೆ ಸರ್?" ಎನ್ನುವುದೇ ದುಡಿಮೆ. ಯಾರೋ ಪುಣ್ಯಾತ್ಮರು ನಮ್ಮ ಆಸ್ಪತ್ರೆಗೇ ತಂದು ಸೇರಿಸಿದರು. ಅಕ್ಕ ಬಂದವಳೇ ಹಾಸಿಗೆಯ ಪಕ್ಕ ನಿಂತು, "ಶನಿವಾರ ಮನೆ ಬದಲಾಯಿಸ್ಬೇಕು, ಹೊಸ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಇವರ ಎಂಟ್ರಿ ಇನ್ನೂ ಯಾಕಾಗಿಲ್ಲ ಅಂದ್ಕೊಳ್ತಿದ್ದೆ" ಎಂದಳು. ಭಾವ ಕಣ್ಣು ಮುಚ್ಚಿಕೊಂಡ. ಇಸಿಜಿ ಮತ್ತೆ ನಾರ್ಮಲ್.

ನಾನೇ ಹೋಗಿ ಏಳು ನಿಮಿಷದವರನ್ನು ಕೇಳಿದೆ. "ಸರ್, ಒಂದು ಆಂಜಿಯೋ ಮಾಡಿಬಿಡಿ. ಒಂದ್ಸಲ ಒಳಗೆ ನೋಡಿ ನಾರ್ಮಲ್ ಅಂತ ಬರೆದ್ಕೊಟ್ರೆ ಇವರ ಬಾಯಿ ಮುಚ್ಚುತ್ತೆ." ರೋಗ ಹುಡುಕಲು ಪರೀಕ್ಷೆ ಮಾಡಿಸುವವರನ್ನು ನೀವು ನೋಡಿರಬಹುದು. ಮಾನ ಕಳೆಯಲು ಮಾಡಿಸಿದವಳು ಬಹುಶಃ ನಾನೊಬ್ಬಳೇ.

ಮಂಗಳವಾರ ಬೆಳಿಗ್ಗೆ ಭಾವ ಟೇಬಲ್ಲಿನ ಮೇಲೆ ಮಲಗಿದ. ಆಂಜಿಯೋಗ್ರಾಮಿಗೆ ನಿದ್ದೆ ಬರಿಸುವುದಿಲ್ಲ, ಮಣಿಕಟ್ಟನ್ನಷ್ಟೇ ಮರಗಟ್ಟಿಸುತ್ತಾರೆ. ಆದರೆ ಹಸಿರು ಬಟ್ಟೆ ಹೊದಿಸಿದ ಮೇಲೆ ಅಡಿಯಲ್ಲೊಬ್ಬ ಎಚ್ಚರವಾಗಿದ್ದಾನೆ ಎನ್ನುವುದೇ ನಮಗೆಲ್ಲ ಮರೆತುಹೋಗುತ್ತದೆ. ಅವನ ಮೇಲೆಯೇ ರಜೆಯ ಮಾತು, ಊಟದ ಮಾತು, ಸೊಸೆಯಂದಿರ ದೂರು ಎಲ್ಲ ನಡೆಯುತ್ತದೆ.

ಎಡಗಡೆಯ ನಾಳದ ಬಾಯಿ ಎರಡನೇ ನಿಮಿಷಕ್ಕೇ ಸಿಕ್ಕಿತು. ಡೈ ಹರಿಯಿತು. ನಾಳಗಳು ತೊಳೆದಿಟ್ಟಂತಿದ್ದವು. "ನೋಡಿ, ಹೊಸ ಪೈಪಿನ ಹಾಗಿದೆ" ಎಂದರು ಡಾಕ್ಟರು. ಆಮೇಲೆ ಬಲಗಡೆಯದನ್ನು ಹುಡುಕಿದರು. ಇರಬೇಕಾದ ಜಾಗದಲ್ಲಿ ಟ್ಯೂಬು ತಿರುಗಿಸಿದರು, ಸಿಗಲಿಲ್ಲ. ಹಿಂದೆಳೆದು ಮತ್ತೆ ತಿರುಗಿಸಿದರು, ಸಿಗಲಿಲ್ಲ. ಐದು ನಿಮಿಷ. ಮತ್ತೊಂದು ಸಲ ಮೇಲೆ ಕೆಳಗೆ ಆಡಿಸಿದರು. ಆರು ನಿಮಿಷ. ಬೇರೆ ಆಕಾರದ ಟ್ಯೂಬು ಹಾಕಬೇಕಿತ್ತು, ಹಾಕಿದರೆ ಹತ್ತು ನಿಮಿಷ ದಾಟುತ್ತಿತ್ತು. ಅವರು ತಲೆಯೆತ್ತಿ ಬೋರ್ಡನ್ನು ನೋಡಿದ್ದನ್ನು ನಾನು ಗಾಜಿನ ಈಚೆಯಿಂದ ನೋಡಿದೆ.

"ಬಲಗಡೆದು ಸಿಗ್ತಿಲ್ವಲ್ರೀ. ಸಣ್ಣದಿರ್ಬೇಕು. ನಿಮ್ಮವರು ತಾನೆ, ಏನಂತೀರಿ?"

ನಾನು ಮೈಕಿನ ಗುಂಡಿ ಒತ್ತಿ ಹೇಳಿದೆ: "ನಾಟಕದ ಆಸಾಮಿ ಸರ್. ಬಿಡಿ, ಸಾಕು."

ಒಳಗಿದ್ದ ನರ್ಸು ಕಿಸಕ್ಕನೆ ನಕ್ಕಳು. ಡಾಕ್ಟರು ಟ್ಯೂಬು ಎಳೆದರು. ಆರು ನಿಮಿಷ ಐವತ್ತೈದು ಸೆಕೆಂಡು. ರಿಪೋರ್ಟಿನಲ್ಲಿ "ಎಡ ನಾಳಗಳು ನಾರ್ಮಲ್, ಬಲ ನಾಳ ಸಣ್ಣದು, ಗಣನೀಯವಲ್ಲ" ಎಂದು ಬರೆದರು. ಸಿಗಲಿಲ್ಲ ಎನ್ನುವುದನ್ನು ಸಣ್ಣದು ಎಂದು ಬರೆಯುವುದು ನಮ್ಮಲ್ಲಿ ಹೊಸದೇನಲ್ಲ. ಬೀಗದ ಕೈ ಸಿಗದವನು ಮನೆಯಲ್ಲಿ ಆ ಕೋಣೆಯೇ ಇಲ್ಲ ಎಂದಂತೆ. ಆದರೂ ನಾನು ಆ ಕಾಗದವನ್ನು ಪದಕ ಕೊಡುವವಳಂತೆ ಅಕ್ಕನ ಕೈಗಿಟ್ಟೆ.

ಅಕ್ಕ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮನೆ ಸಾಗಿಸಲು ಹೇಳಿದ್ದ ಆಳುಗಳಿಗೆ ಫೋನು ಮಾಡಿ ಬೇಡವೆಂದಳು. "ಇನ್ಮೇಲೆ ಎಂಟ್ರಿ ಬಂದ್" ಎಂದಳು. ಆಶ್ಚರ್ಯವೆಂದರೆ ಭಾವ ಚಕಾರ ಎತ್ತಲಿಲ್ಲ. ಮಣಿಕಟ್ಟಿನ ಪಟ್ಟಿ ಬಿಚ್ಚುವ ಮುಂಚೆಯೇ ಎಡಗೈಯಲ್ಲಿ ಡಬ್ಬಗಳನ್ನು ಎತ್ತಿ ಬಾಗಿಲಿನ ಬಳಿ ಜೋಡಿಸತೊಡಗಿದನಂತೆ. ಅಕ್ಕ ಫೋನಿನಲ್ಲಿ ಪಿಸುಗುಟ್ಟಿದಳು: "ಒಂದು ಕಾಗದಕ್ಕೆ ಎಷ್ಟು ಶಕ್ತಿ ಇದೆ ನೋಡೇ. ಮನುಷ್ಯ ನೆಟ್ಟಗಾಗಿಬಿಟ್ಟ." ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಶುಕ್ರವಾರ ಮಧ್ಯಾಹ್ನ ವಾರದ ಫಿಲ್ಮುಗಳನ್ನು ಡಿಸ್ಕಿಗೆ ಏರಿಸುವುದು ನನ್ನ ಪಾಲಿನ ಕೆಲಸ. ಯಂತ್ರ ತನ್ನಷ್ಟಕ್ಕೆ ಒಂದೊಂದಾಗಿ ಓಡಿಸುತ್ತದೆ, ನಾನು ಚಹಾ ಕುಡಿಯುತ್ತಾ ಅರ್ಧಗಣ್ಣಿನಲ್ಲಿ ನೋಡುತ್ತೇನೆ. ಭಾವನ ಫಿಲ್ಮು ಬಂತು. ಎಡದ ನಾಳಗಳು, ಕೊಂಬೆಗಳು, ಚೊಕ್ಕವಾಗಿ. ಆದರೆ ಹೃದಯದ ತಳಭಾಗಕ್ಕೆ ಒಂದು ಕೊಂಬೆಯೂ ಹೋಗಿರಲಿಲ್ಲ. ಚಹಾ ಕೆಳಗಿಟ್ಟೆ. ಹೃದಯದ ತಳ ಗಾಳಿ ಕುಡಿದು ಬದುಕುವುದಿಲ್ಲ. ಎಡದಿಂದ ರಕ್ತ ಹೋಗದಿದ್ದರೆ ಬಲದಿಂದ ಹೋಗಲೇಬೇಕು. ಹಾಗಿದ್ದಮೇಲೆ ಬಲದ ನಾಳ ಸಣ್ಣದಾಗಿರುವ ಮಾತೇ ಇಲ್ಲ. ಅದು ದೊಡ್ಡದಾಗಿಯೇ ಇರಬೇಕು, ನಾವು ಹುಡುಕಿದ ಕಡೆ ಇರಲಿಲ್ಲ ಅಷ್ಟೆ.

ಫಿಲ್ಮನ್ನು ಹಿಂದಕ್ಕೆ ತಿರುಗಿಸಿ ನಿಧಾನವಾಗಿ ಬಿಟ್ಟೆ. ಎಡದ ಬಾಯಿಯಿಂದ ಡೈ ಒಂದಿಷ್ಟು ಹೊರಗೆ ಚೆಲ್ಲಿದ ಕ್ಷಣದಲ್ಲಿ, ಅದರ ಪಕ್ಕದಲ್ಲೇ ಇನ್ನೊಂದು ಎಳೆ ಮಸುಕಾಗಿ ಕಾಣಿಸಿಕೊಂಡು ಬಲಕ್ಕೆ ತಿರುಗಿ ಮಾಯವಾಯಿತು. ಎರಡು ನಾಳವೂ ಒಂದೇ ಮಗ್ಗುಲಿನಿಂದ ಹೊರಟಿದ್ದವು. ಹುಟ್ಟಿನಿಂದಲೇ ಹಾಗೆ. ಬಲದ್ದು ತನ್ನ ಜಾಗಕ್ಕೆ ಹೋಗಬೇಕಾದರೆ ಹೃದಯದಿಂದ ಏಳುವ ಎರಡು ದೊಡ್ಡ ನಾಳಗಳ ನಡುವೆ ನುಸುಳಿಕೊಂಡು ಹೋಗಬೇಕು. ಸುಮ್ಮನೆ ಕೂತಾಗ ಏನೂ ತೊಂದರೆಯಿಲ್ಲ. ಓಡಿದಾಗ, ಭಾರ ಎತ್ತಿದಾಗ ಆ ದೊಡ್ಡವೆರಡೂ ಉಬ್ಬುತ್ತವೆ, ನಡುವಿನದು ಹಿಂಡಿಹೋಗುತ್ತದೆ. ಎತ್ತುವುದು ಬಿಟ್ಟರೆ ಎರಡು ಮೂರು ನಿಮಿಷದಲ್ಲಿ ಎಲ್ಲ ಸರಿ. ಕೂತಾಗ ತೆಗೆದ ಇಸಿಜಿಯಲ್ಲಿ ಏನು ಮಣ್ಣು ಕಾಣುತ್ತದೆ? ಟ್ರೆಡ್‌ಮಿಲ್ಲಿನ ಕಣ್ಣಿಗೂ ಇದು ಎಷ್ಟೋ ಸಲ ಬೀಳುವುದಿಲ್ಲ.

ಭಾರ ಎತ್ತಿದರೆ ಎದೆನೋವು ಎಂದು ಹೊರಗಿನ ರೋಗಿಯೊಬ್ಬ ನನ್ನ ಮುಂದೆ ಹೇಳಿದ್ದರೆ, "ಶ್ರಮಪಟ್ಟಾಗ ಬರುತ್ತೆ, ಕೂತರೆ ಹೋಗುತ್ತೆ, ಬೇಗ ಡಾಕ್ಟರಿಗೆ ತೋರಿಸಿ" ಎಂದು ನಾನೇ ಓಡಾಡುತ್ತಿದ್ದೆ. ಮನೆಯವನು ಇಪ್ಪತ್ತೆರಡು ವರ್ಷ ಅದನ್ನೇ ಹೇಳಿದ. ನಾನು ಅದಕ್ಕೊಂದು ಅಡ್ಡಹೆಸರಿಟ್ಟೆ.

ಫಿಲ್ಮಿನ ಡಿಸ್ಕು ಹಿಡಿದು ಏಳು ನಿಮಿಷದವರ ಕೋಣೆಗೆ ಹೋದೆ. ಅವರು ನೋಡಿದರು. ಅವರಿಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಿವಿ ಕೆಂಪಾದದ್ದನ್ನು ನಾನು ಕಂಡೆ.

"ಇಂಥದ್ದು ನೂರರಲ್ಲಿ ಒಬ್ಬರಿಗಿರುತ್ತೆ ಕಣ್ರೀ. ಗೊತ್ತೇ ಇಲ್ದೆ ಎಂಬತ್ತು ವರ್ಷ ಬದುಕ್ತಾರೆ."

"ಎಲ್ಲ ಬಗೆಯವರೂ ಸೇರಿ ನೂರಕ್ಕೊಬ್ಬರು ಸರ್. ಇವರದು ನಡುವೆ ಹೋಗೋ ಥರದ್ದು. ಮೊನ್ನೆ ಜ್ಞಾನ ತಪ್ಪಿ ಬಿದ್ದಿದ್ದಾರೆ. ಸಿಟಿ ಸ್ಕ್ಯಾನ್ ಮಾಡಿಸ್ಬೇಕು."

"ನಾಟಕದ ಆಸಾಮಿ ಅಂತ ಅವತ್ತು ಅಂದಿದ್ಯಾರು? ನಾನಾ?"

ಅವರು ಡಿಸ್ಕನ್ನು ಎರಡು ಬೆರಳಿನಲ್ಲಿ ನನ್ನತ್ತ ತಳ್ಳಿದರು. "ಈಗ ಸಿಟಿ ಅಂದ್ರೆ ನನ್ನ ರಿಪೋರ್ಟ್ ತಪ್ಪು ಅಂತಾಗುತ್ತೆ. ಆರು ತಿಂಗಳು ಬಿಟ್ಟು ನೋಡೋಣ."

ಆರು ತಿಂಗಳು! ಬೆಳಗಾದರೆ ಅಕ್ಕನ ಕಬ್ಬಿಣದ ಬೀರು ಮೂರು ಮಹಡಿ ಹತ್ತಬೇಕಿತ್ತು, ಹತ್ತಿಸಬೇಕಾದವನು ಭಾವ. ಕನ್ನಡಿ ನೋಡಿಕೊಳ್ಳಲು ಹನ್ನೆರಡು ನಿಮಿಷ ಇರುವ ಮನುಷ್ಯನಿಗೆ ತನ್ನ ಒಂದು ಸಾಲು ಹೊಡೆದು ಹಾಕಲು ಅರ್ಧ ನಿಮಿಷವೂ ಇರಲಿಲ್ಲ. ಮನಸ್ಸಿನಲ್ಲೇ ಅವರನ್ನು ಬಾಯಿಗೆ ಬಂದಂತೆ ಬೈದೆ. ಬೈಯುತ್ತಿದ್ದ ಹಾಗೇ, ಆ ಏಳು ನಿಮಿಷದಲ್ಲಿ ಕೊನೆಯ ಮಾತು ಯಾರದಾಗಿತ್ತು ಎಂದು ನೆನಪಾಗಿ ಬೈಗುಳ ಅರ್ಧಕ್ಕೇ ನಿಂತಿತು.

ಕೆಳಗಿನ ಮಹಡಿಯ ಸಿಟಿ ಡಾಕ್ಟರಮ್ಮನಿಗೆ ಫಿಲ್ಮು ತೋರಿಸಿದೆ. ಆಕೆ ಬೋರ್ಡು ಗೀರ್ಡು ನೋಡುವವರಲ್ಲ. "ನಾಳೆ ಬೆಳಿಗ್ಗೆ ಮೊದಲನೆಯವರಾಗಿ ಕರ್ಕೊಂಡ್ಬನ್ನಿ. ಅಲ್ಲೀವರೆಗೆ ಒಂದು ಚೆಂಬು ಸಹ ಎತ್ತೋದು ಬೇಡ" ಎಂದರು.

ಡ್ಯೂಟಿ ಮುಗಿಸಿ ನೇರ ಅಕ್ಕನ ಮನೆಗೆ ಹೋದೆ. ಮನೆ ತುಂಬಾ ಡಬ್ಬಗಳು, ಗೋಡೆಯಲ್ಲಿ ಮೊಳೆಗಳಷ್ಟೇ ಉಳಿದಿದ್ದವು. ಭಾವ ನೆಲಕ್ಕೆ ಮಲಗಿಸಿದ ಬೀರುವಿಗೆ ಹಗ್ಗ ಬಿಗಿಯುತ್ತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಭಾವ, ಅದನ್ನ ಬಿಡಿ. ನಾಳೆ ನನ್ನ ಜೊತೆ ಆಸ್ಪತ್ರೆಗೆ ಬನ್ನಿ. ಸಿಟಿ ಮಾಡಿಸ್ಬೇಕು."

"ರಿಪೋರ್ಟ್ ನಾರ್ಮಲ್ ಅಲ್ವೇನಮ್ಮ?"

"ರಿಪೋರ್ಟ್ ತಪ್ಪು."

"ಡಾಕ್ಟ್ರು ಬರೆದಿದ್ದಾರೆ."

"ಡಾಕ್ಟ್ರು ಕತ್ತೆ."

ಇದಕ್ಕೆ ಮಾತ್ರ ಅವನು ನಕ್ಕ. ನಕ್ಕು ಮತ್ತೆ ಹಗ್ಗ ಎಳೆದ. "ಬೇಡಮ್ಮ. ಮೂರು ದಿನದಿಂದ ನಿಮ್ಮಕ್ಕ ನನ್ನ ಹತ್ರ ಮನುಷ್ಯರ ಜೊತೆ ಮಾತಾಡೋ ಹಾಗೆ ಮಾತಾಡ್ತಿದ್ದಾಳೆ. ನಿನ್ನೆ ಪುಸ್ತಕದ ಡಬ್ಬ ಕೆಳಗಿಳಿಸಿ ಬಂದೆ. 'ಸಾಕು, ಕೂತ್ಕೊಳ್ಳಿ' ಅಂದ್ಲು. ಅವಳ ಬಾಯಲ್ಲಿ ಆ ಮಾತು ಕೇಳಿ ಎಷ್ಟು ವರ್ಷ ಆಗಿತ್ತು ಗೊತ್ತಾ?"

"ಇಳಿಸಿದಾಗ ಎದೆ ಹಿಡೀಲಿಲ್ವಾ?"

ಗಂಟು ಸರಿಯಾಗಿದ್ದರೂ ಅದನ್ನು ಮತ್ತೊಮ್ಮೆ ಬಿಗಿದ. "ಹಿಡೀತು."

"ಮತ್ತೆ ಹೇಳ್ಲಿಲ್ಲ?"

"ನಾಟಕದ ಆಸಾಮಿ ಏನಂತ ಹೇಳ್ಬೇಕು? ಸ್ಪೀಕರು ನನ್ನ ತಲೆ ಮೇಲೇ ಇತ್ತಲ್ಲಮ್ಮ."

ನನ್ನ ಮುಖದ ನೀರಿಳಿದುಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಆ ಮೈಕಿನಲ್ಲಿ ನಾನು ಏನೇನು ಅಂದಿದ್ದೆನೋ, ಯಾರ್ಯಾರ ತಲೆಯ ಮೇಲೆ ಅಂದಿದ್ದೆನೋ. ಅವರೆಲ್ಲ ಎದ್ದು, ಅಂಗಿ ತೊಟ್ಟು, ನನಗೆ ಥ್ಯಾಂಕ್ಸ್ ಹೇಳಿ ಹೋಗಿದ್ದರು.

"ಫಿಲ್ಮು ಸರಿಯಾಗಿ ನೋಡದೇ ಅಂದ್ಬಿಟ್ಟೆ ಭಾವ. ಇವತ್ತು ನೋಡ್ದೆ. ನಿಮ್ಮದು ನಾಟಕ ಅಲ್ಲ. ನಾಳ ಹುಟ್ತಾನೇ ಜಾಗ ತಪ್ಪಿದೆ. ಭಾರ ಎತ್ತಿದ್ರೆ ಹಿಂಡುತ್ತೆ. ನಾಳೆ ಈ ಬೀರು ಎತ್ತಿದ್ರೆ ಮೆಟ್ಟಿಲ ಮೇಲೇ ಪ್ರಾಣ ಹೋಗ್ಬಹುದು."

ಅವನು ಬೀರುವಿನ ಮೇಲೆ ಕೂತ. "ನಂಗೆ ಹೇಳಿದ್ದು ಸರಿ. ಅವಳ ಮುಂದೆ ಹೇಳು. ಅವಳು ಬನ್ನಿ ಅಂದ್ರೆ ಬರ್ತೀನಿ. ಇಲ್ದಿದ್ರೆ ಬೀರು ಎತ್ತೋದೇ" ಎಂದ. ಇದೆಂಥ ಹಟ ಎಂದು ನನಗೆ ಮೈ ಉರಿಯಿತು. ಬದುಕುವುದಕ್ಕೂ ಹೆಂಡತಿಯ ಅಪ್ಪಣೆ ಬೇಕಾದವನನ್ನು ಮೊದಲ ಸಲ ನೋಡಿದೆ.

ಅಕ್ಕ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಲೋಟಗಳಿಗೆ ಹಳೆ ಪೇಪರು ಸುತ್ತುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಮೈಕಿನ ಮಾತನ್ನೂ ಬಿಡಲಿಲ್ಲ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಅಂದ್ರೆ ನಾಳೆಯೂ ನಾನೇ ಎತ್ಬೇಕು ಅನ್ನು."

"ಅಕ್ಕಾ!"

"ಏನೇ ಅಕ್ಕ? ಅವತ್ತು ನಾರ್ಮಲ್ ಅಂದೋಳೂ ನೀನೇ. ಇವತ್ತು ಸಾಯ್ತಾರೆ ಅನ್ನೋಳೂ ನೀನೇ. ಇಪ್ಪತ್ತೆರಡು ವರ್ಷ ಇವರು ಸೋಮಾರಿ ಅಂತ ಬೈಕೊಂಡು ಬೈಕೊಂಡೇ ನಾನು ಭಾರ ಹೊತ್ತಿದ್ದು. ಆ ಕೋಪ ಇಲ್ದಿದ್ರೆ ನನ್ನ ಕೈಲಿ ಅಷ್ಟು ಆಗ್ತಿತ್ತಾ? ಈಗ ಬಂದು ಇವರದೇನೂ ತಪ್ಪಿಲ್ಲ ಅಂತೀಯಲ್ಲ, ನನ್ನ ಕೋಪ ಎಲ್ಲಿಡ್ಲಿ? ಈ ಡಬ್ಬದಲ್ಲಿಡ್ಲಾ?"

ಕೊನೆಯ ಲೋಟ ಅವಳ ಕೈಯಲ್ಲೇ ಉಳಿಯಿತು. ಪೇಪರು ಸುತ್ತಲಿಲ್ಲ, ಕೆಳಗೂ ಇಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಗಟ್ಟಿಯಾಗಿ ಕೂಗಿದಳು. "ರೀ, ಆ ಹಗ್ಗ ಬಿಚ್ಚಿ. ಬೀರು ಎಲ್ಲೂ ಹೋಗಲ್ಲ. ನಾಳೆ ಅವಳ ಜೊತೆ ಹೋಗಿ ಅದೇನೋ ಮಾಡಿಸ್ಕೊಂಡು ಬನ್ನಿ."

ಸಿಟಿಯಲ್ಲಿ ಅನುಮಾನವೇ ಉಳಿಯಲಿಲ್ಲ. ಡಾಕ್ಟರಮ್ಮ ಪರದೆಯ ಮೇಲೆ ಹೃದಯವನ್ನು ತಿರುಗಿಸಿ ತಿರುಗಿಸಿ ತೋರಿಸಿದರು. "ಎಲ್ಲಿಂದ ಹೊರಡ್ತು ಅನ್ನೋದಕ್ಕಿಂತ ಯಾವ ದಾರೀಲಿ ಹೋಯ್ತು ಅನ್ನೋದು ಮುಖ್ಯ. ಹಿಂದಿನಿಂದ ಸುತ್ತಿ ಹೋಗಿದ್ರೆ ನಾನು ಬೆನ್ನು ತಟ್ಟಿ ಮನೆಗೆ ಕಳಿಸ್ತಿದ್ದೆ. ಇದು ನಡುವೆ ಹೋಗಿದೆ. ಬಾಯಿ ದುಂಡಗಿಲ್ಲ, ಸೀಳಿದ ಹಾಗಿದೆ. ಒಂದಿಷ್ಟು ದೂರ ಮಹಾಧಮನಿಯ ಗೋಡೆಯ ಒಳಗೇ ಸಾಗಿದೆ. ಇಷ್ಟು ವರ್ಷ ಭಾರ ಬಂದಾಗೆಲ್ಲ ಕೂತ್ಬಿಟ್ಟಿದ್ದಾರಲ್ಲ, ಅದೇ ಇವರನ್ನ ಉಳಿಸಿರೋದು." ಸಾಯದೇ ಉಳಿದದ್ದು ಕೂತದ್ದರಿಂದ. ಕೂತನೆಂದೇ ನಾವು ಅವನನ್ನು ಬೈದದ್ದು.

ಸೋಮವಾರದ ಹೊತ್ತಿಗೆ ಆಸ್ಪತ್ರೆಯೆಲ್ಲ ಸುದ್ದಿ. ಏಳು ನಿಮಿಷದವರು ಕಾರಿಡಾರಿನಲ್ಲಿ ನಿಂತು ಕಿರಿಯ ಡಾಕ್ಟರುಗಳಿಗೆ, "ಬಲ ನಾಳ ಸಿಗದಿದ್ದಾಗಲೇ ನಂಗೆ ಅನುಮಾನ ಬಂತು, ಸಿಟಿಗೆ ಕಳಿಸ್ದೆ" ಎಂದು ಪಾಠ ಮಾಡುತ್ತಿದ್ದರು. ನಾನು ಪಕ್ಕದಲ್ಲೇ ಹಾದುಹೋದೆ. ನನ್ನನ್ನು ಕಂಡು ಅವರ ದನಿ ಒಂದಿಷ್ಟೂ ನಡುಗಲಿಲ್ಲ. ಇಂಥ ದಪ್ಪ ಚರ್ಮದ ಒಳಗೆ ಟ್ಯೂಬು ಹೇಗೆ ಇಳಿಯುತ್ತದೋ, ನೋಡಬೇಕು. ಲ್ಯಾಬಿಗೆ ಹೋಗಿ ಬೋರ್ಡು ಒರೆಸಿದೆ. ಮತ್ತೆ ಅದರ ಮೇಲೆ ನಾನು ಏನನ್ನೂ ಬರೆದಿಲ್ಲ.

ಆಪರೇಷನ್ ಆಗಲೇಬೇಕು ಎಂದಾಯಿತು. ಬುಧವಾರ ನಾವು ಮೂವರೂ ಸರ್ಜನ್ನರ ಎದುರು ಕೂತೆವು. ಸರ್ಜನ್ ವಯಸ್ಸಾದವರು, ಎಲ್ಲವನ್ನೂ ಕೈಯಲ್ಲೇ ಬರೆದುಕೊಳ್ಳುವವರು. ಪೆನ್ನು ತೆಗೆದು ಕೇಳಿದರು. "ಮೊಟ್ಟಮೊದಲು ಯಾವಾಗ ಬಂತು ಈ ನೋವು?"

ಭಾವ ಅಕ್ಕನ ಕಡೆ ಕೈ ತೋರಿಸಿದ. "ಇವಳನ್ನ ಕೇಳಿ ಸರ್. ನಂಗಾದ್ರೂ ಮರೆತಿರಬಹುದು, ಇವಳು ಒಂದನ್ನೂ ಮರೆತಿಲ್ಲ."

ಅಕ್ಕ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಮದುವೆಯಾದ ಎರಡನೇ ತಿಂಗಳು, ಹಾಸಿಗೆ ಮಹಡಿಗೆ ಹತ್ತಿಸುವಾಗ. ಮಗಳಿಗೆ ನಾಲ್ಕು ವರ್ಷ, ಎತ್ತಿಕೊಂಡು ಸೇತುವೆ ಹತ್ತುವಾಗ ನಡುವೆಯೇ ಮಗುವನ್ನು ಇಳಿಸಿಬಿಟ್ಟದ್ದು. ನಲ್ಲಿ ನಿಂತುಹೋದ ವಾರ ಬಕೆಟ್ ಹೊರುವಾಗ ಮೂರು ಸಲ. ತಿಂಗಳು, ವಾರ, ಮೆಟ್ಟಿಲಿನ ಲೆಕ್ಕ ಸಮೇತ ಹೇಳಿದಳು. ಬೈಯುವುದಕ್ಕೆಂದು ಜೋಪಾನ ಮಾಡಿಟ್ಟದ್ದೆಲ್ಲ ಒಂದೊಂದಾಗಿ ಸರ್ಜನ್ನರ ಕಾಗದಕ್ಕೆ ಇಳಿಯಿತು.

"ಎಷ್ಟು ಹೊತ್ತು ಇರ್ತಿತ್ತು?"

"ಎರಡು ಮೂರು ನಿಮಿಷ. ತುಟಿ ಬೆಳ್ಳಗಾಗೋದು, ಹಣೆ ಒದ್ದೆಯಾಗೋದು. ಎಷ್ಟು ಚೆನ್ನಾಗಿ ಮಾಡ್ತಾರಪ್ಪ ಅಂದ್ಕೊಳ್ತಿದ್ದೆ."

"ಇಷ್ಟು ಸ್ಪಷ್ಟವಾಗಿ ಹೇಳೋರು ನಂಗೆ ಸಿಕ್ಕೇ ಇಲ್ಲ" ಎಂದರು ಸರ್ಜನ್. "ಮತ್ತೆ ಯಾಕೆ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ?"

ನಾವು ಅಕ್ಕತಂಗಿಯರು ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯವನ್ನು ನೋಡುತ್ತಾ ಕೂತೆವು.

ಅಕ್ಕನ ದನಿ ಸಣ್ಣಗಾಯಿತು. "ನಮ್ಮಪ್ಪ ಹೋದ ದಿನ. ಹೊತ್ಕೊಂಡು ಹೊರಟಾಗ ಇವರೂ ಹೆಗಲು ಕೊಟ್ರು. ಹತ್ತು ಹೆಜ್ಜೆ ಆಗ್ಲಿಲ್ಲ, ಹೆಗಲು ಬಿಟ್ಟು ರಸ್ತೆ ಪಕ್ಕ ಕೂತ್ಬಿಟ್ರು."

ಆ ದಿನ ಹಿಂದೆ ನಡೆಯುತ್ತಿದ್ದವಳು ನಾನು. ನೂರು ಜನರೆದುರು ಅವನ ಬಳಿ ನಿಂತು, "ಹೆಣ ಹೊರೋದಕ್ಕೂ ಆಗದವರನ್ನ ಅಪ್ಪ ಯಾಕಾದ್ರೂ ಅಳಿಯ ಮಾಡ್ಕೊಂಡ್ರೋ" ಎಂದಿದ್ದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ್ದ, ತುಟಿ ಬೆಳ್ಳಗಾಗಿತ್ತು. ಆ ಹೊತ್ತಿಗಾಗಲೇ ಹೃದಯದ ಕೋಣೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದವಳು ಆ ತುಟಿಯನ್ನು ನೋಡಿಯೂ ಮುಂದೆ ನಡೆದಿದ್ದೆ.

ಸರ್ಜನ್ ಭಾವನನ್ನು ಕೇಳಿದರು. "ಎಲ್ಲ ಸರಿಯಾಗಿ ಹೇಳಿದ್ರಾ?"

"ಸರಿ ಸರ್. ಅಪ್ಪನ ದಿನದ್ದು ಎಲ್ಲಕ್ಕಿಂತ ಜಾಸ್ತಿ ಇತ್ತು. ಕಣ್ಣು ಕತ್ತಲೆ ಬಂತು. ಹೆಗಲು ಬಿಡ್ದಿದ್ರೆ ಅವರನ್ನ ಬೀಳಿಸಿಬಿಡ್ತಿದ್ದೆ."

"ಇನ್ನೊಂದಿದೆ" ಎಂದಳು ಅಕ್ಕ, ಈ ಸಲ ಅವನನ್ನು ನೋಡುತ್ತಾ. "ಮದುವೆಯಾಗಿ ಆರನೇ ವರ್ಷ. ನಾನು ಸಾಕಾಗಿ ಬ್ಯಾಗು ತಗೊಂಡು ಮನೆ ಬಿಟ್ಟು ಹೊರಟಿದ್ದೆ. ಹೊಸ್ತಿಲ ಹತ್ರ ಇವರು ಎದೆ ಹಿಡ್ಕೊಂಡು ಬಿದ್ದೇಬಿಟ್ರು. ಉಳಿದಿದ್ದೆಲ್ಲ ನಾಟಕ ಅಂದ್ಕೊಂಡಿದ್ದೆ ಡಾಕ್ಟ್ರೇ, ಅದೊಂದನ್ನ ಮಾತ್ರ ನಂಬಿದ್ದೆ. ಅದೊಂದಕ್ಕೋಸ್ಕರ ವಾಪಸ್ ಬಂದೆ. ಇಷ್ಟು ವರ್ಷ ಇದ್ದೆ. ಅದನ್ನೂ ಬರ್ಕೊಳ್ಳಿ."

ಸರ್ಜನ್ ಬರೆಯತೊಡಗಿದರು. ಭಾವ ಕುರ್ಚಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿದ.

"ಅದನ್ನ ಬರೀಬೇಡಿ ಸರ್" ಎಂದ. "ಅವತ್ತು ನಾನೇನೂ ಎತ್ತಿರಲಿಲ್ಲ. ಓಡಿರಲೂ ಇಲ್ಲ. ಅದು ನಾಟಕ."

ಸರ್ಜನ್ನರ ಪೆನ್ನು ನಿಂತಿತು. ಅಕ್ಕ ಅವನನ್ನು ನೋಡಿದಳು. ಕೆನ್ನೆಗೆ ಹೊಡೆಯುತ್ತಾಳೆಂದೇ ನಾನು ಅಂದುಕೊಂಡೆ. ಅವಳ ಗಲ್ಲ ಅದುರುತ್ತಿತ್ತು, ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಅವಳು ಒಪ್ಪಿಗೆಯ ಕಾಗದವನ್ನು ಮೇಜಿನಿಂದ ತನ್ನತ್ತ ಎಳೆದುಕೊಂಡು, ಸರ್ಜನ್ನರ ಕೈಯಿಂದಲೇ ಪೆನ್ನು ಕಿತ್ತುಕೊಂಡು ಸಹಿ ಹಾಕಿದಳು.

"ಮೊದ್ಲು ಇವರ ಎದೆ ಗಟ್ಟಿ ಮಾಡ್ಕೊಡಿ ಡಾಕ್ಟ್ರೇ" ಎಂದಳು. "ನಾನು ಇವರ ಹತ್ರ ಒಂದು ವಿಷಯ ಮಾತಾಡ್ಬೇಕು. ಈಗ ಮಾತಾಡಿದ್ರೆ ತಡ್ಕೊಳ್ಳಲ್ಲ."